ಒಂದು ರಿಸಲ್ಟ್ ನೋಡಿ ‘ಆ ದೇಶದ ವೋಟರ್‌ಗಳೇ ಹಿಂಗೆ’ ಅನ್ನೋದು ಸರೀನಾ?

ಅಂತರಗಂಗೆ
ಮನೆಯ ವಾಟ್ಸಾಪ್ ಗ್ರೂಪಲ್ಲಿ ಹತ್ತಿದ ಜಗಳ ಇದು. ಅಲ್ಲಿ ಮುಗೀಲಿಲ್ಲ, ಇಲ್ಲಿಗೆ ತಂದಿದೀನಿ.

ನಮ್ಮ ದೊಡ್ಡಪ್ಪನ ಮಗ ಡಲ್ಲಾಸ್‌ನಲ್ಲಿದ್ದಾನೆ. ‘ಇಂಡಿಯಾದ ವೋಟರ್‌ಗಳು ಐನೂರು ರೂಪಾಯಿಗೆ, ಒಂದು ಕುಕ್ಕರ್‌ಗೆ ಮಾರಿಕೊಳ್ಳೋ ಜನ’ ಅಂತ ಹಾಕಿದ. ನನಗೆ ರೇಗಿತು. ‘ನಿಮ್ಮ ಅಮೆರಿಕದವರು ಭಾರೀ ಬುದ್ಧಿವಂತರೋ? 2016ರಲ್ಲಿ, 2024ರಲ್ಲಿ ಆರಿಸಿದ್ದು ನೋಡಿದೀವಲ್ಲ’ ಅಂತ ನಾನೂ ಬರೆದೆ. ‘ನಾನು ಆ ಕಡೆಗೆ ಹಾಕಿಲ್ಲ, ನನ್ನ ಯಾಕೆ ಸೇರಿಸ್ತೀಯ’ ಅಂದ. ‘ನಾನೂ ಐನೂರು ತಗೊಂಡಿಲ್ಲ, ನನ್ನ ಯಾಕೆ ಸೇರಿಸಿದೆ’ ಅಂತ ನಾನು. ಕೊನೆಗೆ ಅತ್ತೆ ಬಂದು ಗುಲಾಬಿ ಹೂವಿನ ಗುಡ್ ಮಾರ್ನಿಂಗ್ ಹಾಕಿದ ಮೇಲೆ ನಿಂತಿತು.

ಈಗ ಕೇಳ್ತಿರೋದು ಇಷ್ಟೇ. ಒಂದು ಎಲೆಕ್ಷನ್ ರಿಸಲ್ಟ್ ಇಟ್ಕೊಂಡು ಇಡೀ ದೇಶದ ಮತದಾರರು ಇಂಥವರು ಅಂತ ಹೇಳೋದು ನ್ಯಾಯಾನಾ? ಹೇಳಲೇಬಾರದು ಅಂದ್ರೆ ಪೇಪರ್‌ನವರು ಪ್ರತಿ ಸಲ ‘ಮತದಾರ ಪಾಠ ಕಲಿಸಿದ’ ಅಂತ ಬರೀತಾರಲ್ಲ, ಅದೇನು ಮತ್ತೆ?

ನಂದಿ ಗಾಳಿ
ನ್ಯಾಯ ಗೀಯ ಗೊತ್ತಿಲ್ಲ ಗುರು. ಸರ್ಕಾರ ಅವರೇ ಆರಿಸಿದ್ದು, ಅವರೇ ಅನುಭವಿಸಲಿ. ಮುಗೀತು.

ಬಾಗೇಪಲ್ಲಿ ಬಸ್ಸು
@ನಂದಿ ಗಾಳಿ ಅವರು ಅಂದ್ರೆ ಯಾರಪ್ಪ? ಲೆಕ್ಕ ಹಾಕು. 2024ರ ಲೋಕಸಭೆಯಲ್ಲಿ ಬಿಜೆಪಿಗೆ ಬಂದಿದ್ದು ಸುಮಾರು 23.6 ಕೋಟಿ ವೋಟು, ಶೇ 36.5ರ ಆಸುಪಾಸು. ಪಟ್ಟಿಯಲ್ಲಿದ್ದೋರು 97 ಕೋಟಿ ಹತ್ತಿರ. ಅಂದ್ರೆ ನಾಲ್ಕು ಜನರಲ್ಲಿ ಒಬ್ಬ. ಅಮೆರಿಕದಲ್ಲೂ ಅಷ್ಟೇ. 2024ರಲ್ಲಿ ಟ್ರಂಪ್‌ಗೆ ಬಂದಿದ್ದು ಬಿದ್ದ ವೋಟಲ್ಲಿ ಶೇ 49.8. ವೋಟು ಹಾಕದೆ ಮನೇಲಿದ್ದೋರನ್ನೂ ಸೇರಿಸಿದ್ರೆ ಮೂರು ಜನರಲ್ಲಿ ಒಬ್ಬ. 2016ರಲ್ಲಂತೂ ಸೋತ ಹಿಲರಿ ಕ್ಲಿಂಟನ್‌ಗೇ 28 ಲಕ್ಷಕ್ಕಿಂತ ಜಾಸ್ತಿ ವೋಟು ಹೆಚ್ಚಿಗೆ ಬಿದ್ದಿತ್ತು. ‘ಅಮೆರಿಕದವರು ಆರಿಸಿದರು’ ಅಂತ ಯಾವ ಬಾಯಲ್ಲಿ ಹೇಳ್ತೀಯ?

ನಂದಿ ಗಾಳಿ
ಮನೇಲಿದ್ದೋರೂ ಹೊಣೆಗಾರರೇ. ಬೂತಿಗೆ ಹೋಗೋಕೆ ಕಾಲು ನೋವಾಗಿತ್ತಾ?

ಟೊಮೆಟೊ ಮಂಡಿ
ನಾನು ಕೋಲಾರ ಎಪಿಎಂಸಿಯಲ್ಲಿ ಇರೋನು. ಹರಾಜಿಗೆ ಬಾಕ್ಸ್ ಜೋಡಿಸಿಟ್ರೆ ಮೇಲಿನ ಹಣ್ಣು ನೋಡಿ ರೇಟು ಕೂಗೋನು ಹೊಸಬ. ಹಳೇ ವ್ಯಾಪಾರಿ ಒಂದು ಬಾಕ್ಸ್ ಎಳೆದು, ಸುರಿದು, ಅಡಿಯಲ್ಲಿ ಏನಿದೆ ಅಂತ ನೋಡ್ತಾನೆ. ಟಿವಿಯಲ್ಲಿ ಮೈಕ್ ಮುಂದೆ ಕೂಗಾಡ್ತಾರಲ್ಲ, ಅವರು ಮೇಲಿನ ಹಣ್ಣು. ಅವರನ್ನ ನೋಡಿ ದೇಶಕ್ಕೆ ರೇಟು ಕಟ್ಟಿದ್ರೆ ನಷ್ಟ ನಿಮಗೇ.

ಬಂಗಾರಪೇಟೆ ಪಾನಿಪುರಿ
ಅಣ್ಣಾ ಇವತ್ತು ಬಾಕ್ಸ್ ಎಷ್ಟು ಹೋಯ್ತು?

ಟೊಮೆಟೊ ಮಂಡಿ
ಕೇಳಬೇಡ.

ಗಡಿ ಊರಿನವನು
ನಮ್ಮದು ಶ್ರೀನಿವಾಸಪುರ ತಾಲ್ಲೂಕು. ಸ್ವಲ್ಪ ದೂರ ಹೋದ್ರೆ ಆಂಧ್ರ, ನೆಂಟರೆಲ್ಲ ಅಲ್ಲೇ ಇದ್ದಾರೆ. 2019ರಲ್ಲಿ ವೈಎಸ್‌ಆರ್ ಕಾಂಗ್ರೆಸ್‌ಗೆ 175ರಲ್ಲಿ 151 ಸೀಟು ಬಂದಾಗ ‘ಆಂಧ್ರದವರು ಜಗನ್‌ನ ದೇವರು ಮಾಡ್ಕೊಂಡ್ರು’ ಅಂದ್ವಿ. 2024ರಲ್ಲಿ 11 ಸೀಟಿಗೆ ಇಳಿದಾಗ ಅದೇ ಬಾಯಲ್ಲಿ ‘ನಿಯತ್ತಿಲ್ಲದ ಜನ, ಐದೇ ವರ್ಷಕ್ಕೆ ಎತ್ತಿ ಎಸೆದ್ರು’ ಅಂದ್ವಿ. ವೋಟು ನೋಡಿದ್ರೆ ಆ ಪಾರ್ಟಿಗೆ ಮೊದಲ ಸಲ ಶೇ 50, ಎರಡನೇ ಸಲ ಶೇ 39. ನೂರರಲ್ಲಿ ಹನ್ನೊಂದು ಜನ ಆಚೆ ಹೋದರು, ಎದುರಿಗಿದ್ದ ಮೂರು ಪಾರ್ಟಿ ಒಂದಾದವು, 140 ಸೀಟು ಹಾರಿಹೋಯ್ತು. ಉಳಿದ 39 ಜನ ಇದ್ದ ಕಡೇನೇ ಇದ್ದಾರೆ. ನಮ್ಮ ಚಿಕ್ಕಮ್ಮನ ಮನೆಯವರು ಅವರಲ್ಲೇ ಸೇರಿದ್ದಾರೆ. ಅವರ ಮುಂದೆ ‘ಆಂಧ್ರದ ಜನ ತಿರುಗಿಬಿದ್ರು’ ಅಂದು ನೋಡಿ, ಕಾಫಿ ಕೊಡಲ್ಲ.

ಕಲ್ಪತರು ತಿಪಟೂರು
ಇದೊಂದು ಸರಿಯಾದ ಮಾತು. ನಾವು ಸೀಟು ನೋಡಿ ಮನಸ್ಸಿನ ಬಗ್ಗೆ ಮಾತಾಡ್ತೀವಿ. ಬ್ರಿಟನ್ನಲ್ಲಿ 2024ರಲ್ಲಿ ಲೇಬರ್ ಪಕ್ಷಕ್ಕೆ ಮೂರನೇ ಒಂದು ಭಾಗ ವೋಟು, 650ರಲ್ಲಿ 411 ಸೀಟು. ‘ಬ್ರಿಟಿಷರು ಎಡಕ್ಕೆ ವಾಲಿದರು’ ಅಂತ ಹೆಡ್‌ಲೈನು. ಬ್ರೆಕ್ಸಿಟ್‌ದೂ ಹಂಗೇ, ಯುರೋಪ್ ಒಕ್ಕೂಟ ಬಿಡಬೇಕಾ ಅಂತ ಕೇಳಿದ್ದಕ್ಕೆ 52ಕ್ಕೆ 48. ಸ್ಕಾಟ್ಲೆಂಡಿನಲ್ಲಿ ಶೇ 62 ಜನ ಬೇಡ ಅಂದಿದ್ರು. ಈಗಲೂ ‘ಬ್ರಿಟಿಷರು ತಮ್ಮ ಕಾಲ ಮೇಲೆ ತಾವೇ ಕಲ್ಲು ಹಾಕ್ಕೊಂಡ್ರು’ ಅಂತೀವಿ. ಎಡಿನ್‌ಬರೋದಲ್ಲಿ ಕೂತಿರೋನು ಇದನ್ನ ಕೇಳಿ ಏನಂದ್ಕೋಬೇಕು?

ಆದ್ರೂ ಒಂದು ಒಪ್ಪಬೇಕು. ಕರ್ನಾಟಕದ ಮತದಾರ ಜಾಣ. ದಿಲ್ಲಿಗೊಂದು, ಬೆಂಗಳೂರಿಗೊಂದು. 2023ರಲ್ಲಿ ಕಾಂಗ್ರೆಸ್‌ಗೆ 135 ಸೀಟು, ಮುಂದಿನ ವರ್ಷವೇ ಲೋಕಸಭೆಯಲ್ಲಿ ಬರೀ 9. ಯಾರನ್ನ ಎಲ್ಲಿ ಕೂರಿಸಬೇಕು ಅಂತ ನಮ್ಮವರಿಗೆ ಗೊತ್ತು.

ಗೌರಿಬಿದನೂರು ಅಕ್ಕ
ತಿಪಟೂರಿನವರೇ, ಬೈದರೆ ಜನರಲೈಸ್, ಹೊಗಳಿದರೆ ‘ಒಪ್ಪಬೇಕು’. ಚೆನ್ನಾಗಿದೆ ನಿಮ್ಮ ನ್ಯಾಯ.

ಬಾಗೇಪಲ್ಲಿ ಬಸ್ಸು
ಅಕ್ಕ ಹೇಳಿದ್ದಕ್ಕೆ ಲೆಕ್ಕವೂ ಇದೆ. 2023ರಲ್ಲಿ ಕಾಂಗ್ರೆಸ್ ಶೇ 42.9, ಬಿಜೆಪಿ 36, ಜೆಡಿಎಸ್ 13.3. ಬಿಜೆಪಿ, ಜೆಡಿಎಸ್ ಕೂಡಿಸಿ ನೋಡಿ, 49 ದಾಟುತ್ತೆ. 2024ರಲ್ಲಿ ಅವರಿಬ್ಬರೂ ಒಂದಾದ್ರು, ಗೆದ್ದರು. ತಮಾಷೆ ಏನಂದ್ರೆ ಆ ಲೋಕಸಭೆ ಎಲೆಕ್ಷನ್‌ನಲ್ಲಿ ಕಾಂಗ್ರೆಸ್ ವೋಟು ಶೇ 45 ದಾಟಿತ್ತು. ಇಳಿದಿರಲಿಲ್ಲ, ಏರಿತ್ತು! ಜಾಣ ಮತದಾರ ಮನಸ್ಸು ಬದಲಾಯಿಸಿದ ಅಂತ ನೀವು ಹೇಳೋ ಕಥೆಯಲ್ಲಿ ಮುಕ್ಕಾಲು ಪಾಲು ಪಾರ್ಟಿಗಳ ಕೂಡಿಕೆ ಲೆಕ್ಕ. ಮತದಾರ ಅಲ್ಲೇ ನಿಂತಿದ್ದ, ಬಾವುಟಗಳು ಜಾಗ ಬದಲಾಯಿಸಿದವು. ನಮ್ಮ ಚಿಕ್ಕಬಳ್ಳಾಪುರದಲ್ಲಿ 2023ರ ಮೇನಲ್ಲಿ ಎಂಎಲ್‌ಎ ಎಲೆಕ್ಷನ್ ಸೋತ ಬಿಜೆಪಿಯ ಸುಧಾಕರ್ 2024ರ ಜೂನ್‌ನಲ್ಲಿ ಒಂದೂವರೆ ಲಕ್ಷಕ್ಕಿಂತ ಜಾಸ್ತಿ ಅಂತರದಲ್ಲಿ ಎಂಪಿ ಆದರು. ಒಂದು ವರ್ಷದಲ್ಲಿ ಇಡೀ ಜಿಲ್ಲೆ ಜನರ ಸ್ವಭಾವ ಬದಲಾಯ್ತು ಅಂತ ಯಾರಾದ್ರೂ ನಂಬ್ತೀರಾ?

ಕಲ್ಪತರು ತಿಪಟೂರು
ಹಂಗಾದ್ರೆ 1984-85 ಏನಂತೀರಿ? ಡಿಸೆಂಬರ್‌ನಲ್ಲಿ ಲೋಕಸಭೆ, ಕಾಂಗ್ರೆಸ್‌ಗೆ 28ರಲ್ಲಿ 24. ಆಗಿನ ಜನತಾ ಪಕ್ಷದ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ರಾಜೀನಾಮೆ ಕೊಟ್ಟು ಹೊಸದಾಗಿ ಚುನಾವಣೆಗೆ ಹೋದರು. ಮಾರ್ಚ್‌ನಲ್ಲಿ ಜನತಾ ಪಕ್ಷಕ್ಕೆ 139. ಮೂರು ತಿಂಗಳು! ಅಲ್ಲಿ ಯಾವ ಹೊಸ ಕೂಡಿಕೆಯೂ ಇರಲಿಲ್ಲ. ಜನಾನೇ ಬೇರೆ ಥರ ಹಾಕಿದ್ದು.

ಬಾಗೇಪಲ್ಲಿ ಬಸ್ಸು
ಅದು ಕೆಲವು ಜನ. ಎಲ್ಲರೂ ಅಲ್ಲ. ಎರಡೂ ಸಲ ಕಾಂಗ್ರೆಸ್‌ಗೇ ಹಾಕಿದವರು, ಎರಡೂ ಸಲ ಜನತಾಕ್ಕೇ ಹಾಕಿದವರು ಲಕ್ಷಗಟ್ಟಲೆ ಇದ್ದರು. ಬದಲಾದವರು ನಡುವೆ ಇದ್ದೋರು. ಹೆಸರು ಮಾತ್ರ ‘ಕರ್ನಾಟಕದ ಮತದಾರ’.

ಕಲ್ಪತರು ತಿಪಟೂರು
ಆ ನಡುವಿನವರೇ ಜಾಣರು ಅಂತ ತಿದ್ದಿಕೊಳ್ಳಿ ಹಂಗಾದ್ರೆ. ನಾನು ಬಿಡಲ್ಲ 😄

ಚಾಂಪಿಯನ್ ರೀಫ್
ದೇಶ ದೇಶ ಅಂತೀರಲ್ಲ, ಕೆಜಿಎಫ್ ಬಗ್ಗೆ ಕೋಲಾರದವರು ಮಾತಾಡೋದು ಕೇಳಿದೀರಾ? ‘ಅವರು ತಮಿಳ್ರು, ತಮಿಳು ಪಾರ್ಟಿಗೇ ಹಾಕ್ತಾರೆ’. ಹೌದು, ಅಣ್ಣಾ ಡಿಎಂಕೆ ಎಂಎಲ್‌ಎ ಇದ್ದರು. ಆರ್‌ಪಿಐನವರೂ (ರಿಪಬ್ಲಿಕನ್ ಪಾರ್ಟಿ) ಇದ್ದರು. 2008ರಲ್ಲಿ, 2013ರಲ್ಲಿ ಬಿಜೆಪಿ. 2018ರಲ್ಲಿ, 2023ರಲ್ಲಿ ಕಾಂಗ್ರೆಸ್. ಇನ್ನೇನು ಬಾಕಿ ಇದೆ ಹೇಳಿ. 2001ರ ಫೆಬ್ರವರಿಯಲ್ಲಿ ಗಣಿ ಮುಚ್ಚಿದ ಮೇಲೆ ನಮ್ಮವರಿಗೆ ಬೆಳಗ್ಗೆ ಟ್ರೈನ್ ಹಿಡಿದು ಬೆಂಗಳೂರಿಗೆ ಹೋಗಿ ರಾತ್ರಿ ಬರೋದೇ ಜೀವನ ಆಯ್ತು. ಆ ಟ್ರೈನು, ಆ ಕೆಲಸ, ಕ್ವಾರ್ಟರ್ಸ್ ಮನೆ ಹಕ್ಕು. ನಮ್ಮ ವೋಟು ಇದರ ಸುತ್ತ ತಿರುಗುತ್ತೆ. ಭಾಷೆ ನೋಡಿ ವೋಟು ಅಳೆಯೋರಿಗೆ ಇದು ಕಾಣಲ್ಲ.

ಗೌರಿಬಿದನೂರು ಅಕ್ಕ
ಹೆಂಗಸರ ಬಗ್ಗೆಯೂ ಇದೇ ರಾಗ. ‘ಫ್ರೀ ಬಸ್ಸಿಗೆ, ಎರಡು ಸಾವಿರಕ್ಕೆ ಹೆಂಗಸರ ವೋಟು ಬಿತ್ತು’. ಬಸ್ಸು ಫ್ರೀ ಆಗಿದ್ದೇ 2023ರ ಜೂನ್‌ನಲ್ಲಿ, ವಿಧಾನಸಭೆ ಎಲೆಕ್ಷನ್ ಮುಗಿದ ಮೇಲೆ. ಭರವಸೆಗೆ ಹಾಕಿದ್ರು ಅಂತೀರಾ? ಸರಿ. ಹಂಗಾದ್ರೆ ಕೈಗೆ ದುಡ್ಡು ಬರೋಕೆ ಶುರುವಾದ ಮೇಲೆ ನಡೆದ ಲೋಕಸಭೆಯಲ್ಲಿ 9 ಸೀಟು ಯಾಕೆ? ನಾನು ಅದೇ ಬಸ್ಸಲ್ಲಿ ದಿನಾ ಹೋಗಿಬರ್ತೀನಿ. ಟಿಕೆಟ್ ತಗೊಳ್ಳೋ ಗಂಡಸರು ನಮ್ಮ ಕಡೆ ತಿರುಗಿ ‘ನಿಮ್ಮಿಂದಾನೇ ಸರ್ಕಾರ ಬಂದಿದ್ದು’ ಅಂತಾರೆ. ನಮ್ಮ ಕ್ಷೇತ್ರದಲ್ಲಿ 2023ರಲ್ಲಿ ಗೆದ್ದಿದ್ದು ಪಕ್ಷೇತರ! ಯಾವ ಗ್ಯಾರಂಟಿ ಕಾರ್ಡಲ್ಲಿ ಇತ್ತಪ್ಪಾ ಅದು?

ಬಂಗಾರಪೇಟೆ ಪಾನಿಪುರಿ
😂😂 ಅಕ್ಕ ರಾಕ್ಸ್

ನಂದಿ ಗಾಳಿ
ಎಲ್ಲ ಸರಿ, ದುಡ್ಡಿನ ವಿಷಯ ಯಾಕೆ ಜಾರಿಸ್ತೀರಾ? ಡಲ್ಲಾಸ್‌ನವನು ಹೇಳಿದ್ದು ಸುಳ್ಳಾ? ಎಲೆಕ್ಷನ್ ಹಿಂದಿನ ರಾತ್ರಿ ನಮ್ಮ ಬೀದಿಯಲ್ಲಿ ಕರೆಂಟ್ ಹೋಗುತ್ತೆ. ಯಾಕೆ ಅಂತ ಎಲ್ಲರಿಗೂ ಗೊತ್ತು.

ಗಡಿ ಊರಿನವನು
ಸುಳ್ಳಲ್ಲ. ಆದ್ರೆ ಯೋಚನೆ ಮಾಡು, ಎರಡು ಕಡೆಯವರೂ ಕೊಡ್ತಾರೆ. ತಗೊಂಡೋನು ಇಬ್ಬರಿಗೂ ಹಾಕೋಕಾಗುತ್ತಾ? ಒಬ್ಬನ ದುಡ್ಡು ತಗೊಂಡು ಇನ್ನೊಬ್ಬನಿಗೇ ಹಾಕಿರ್ತಾನೆ. ಹಂಗಾದ್ರೆ ಅವನನ್ನ ಮಾರಿಕೊಂಡೋನು ಅನ್ನಬೇಕೋ, ಟೋಪಿ ಹಾಕಿದೋನು ಅನ್ನಬೇಕೋ?

ಟೊಮೆಟೊ ಮಂಡಿ
ಹಂಗೆ ತಮಾಷೆ ಮಾಡಿ ಬಿಡೋ ವಿಷಯ ಅಲ್ಲ ಅದು. ಇಬ್ಬರೂ ಕೊಟ್ಟರೆ ದುಡ್ಡು ಗೆಲ್ಲಿಸಲ್ಲ, ಒಪ್ಪಿದೆ. ಆದರೆ ಕೊಡದೋನು ಲೆಕ್ಕಕ್ಕೇ ಬರಲ್ಲ. ಕೈಯಲ್ಲಿ ಕಾಸಿಲ್ಲದ ಒಳ್ಳೆ ಮನುಷ್ಯ ನಿಂತು ಡೆಪಾಸಿಟ್ ಕಳ್ಕೊಂಡಿದ್ದು ನೋಡಿದೀನಿ. ಅದಕ್ಕೆ ಮತದಾರನ ಹೊಣೆ ಸ್ವಲ್ಪವೂ ಇಲ್ಲ ಅಂದ್ರೆ ನಾನು ಒಪ್ಪಲ್ಲ.

ಬಾಗೇಪಲ್ಲಿ ಬಸ್ಸು
ಅಣ್ಣಾ, ನಮ್ಮ ಬಾಗೇಪಲ್ಲಿಯಲ್ಲಿ 1994ರಲ್ಲಿ, 2004ರಲ್ಲಿ ಸಿಪಿಎಂನ ಶ್ರೀರಾಮರೆಡ್ಡಿ ಗೆದ್ದಿದ್ದರು. ಕೆಂಬಾವುಟದ ಪಾರ್ಟಿ ಎಷ್ಟು ಕಾಸು ಹಂಚಿರಬಹುದು?

ಟೊಮೆಟೊ ಮಂಡಿ
ಇಪ್ಪತ್ತು ವರ್ಷದ ಹಿಂದಿನ ಮಾತು ಅದು. ಇವತ್ತಿನದು ಹೇಳು.

ಮೇಷ್ಟ್ರು ಮಾಲೂರು
ಇಷ್ಟು ಹೊತ್ತು ಓದಿದೆ. ಸ್ಟ್ಯಾಟಿಸ್ಟಿಕ್ಸ್ ಪಾಠ ಮಾಡಿ ನಿವೃತ್ತನಾದವನು, ಚುನಾವಣಾ ಡ್ಯೂಟಿಯನ್ನೂ ಸಾಕಷ್ಟು ಮಾಡಿದ್ದೇನೆ. ಎರಡು ಮಾತು ಹೇಳುತ್ತೇನೆ. ಮೊದಲನೆಯದು ಬೇಸರ ತರಿಸಬಹುದು, ಸಹಿಸಿಕೊಳ್ಳಿ.

1950ರಲ್ಲಿ ರಾಬಿನ್ಸನ್ ಎಂಬ ಸಮಾಜಶಾಸ್ತ್ರಜ್ಞ ಅಮೆರಿಕದ 1930ರ ಜನಗಣತಿ ಇಟ್ಟುಕೊಂಡು ಒಂದು ವಿಚಿತ್ರ ತೋರಿಸಿದ. ಹೊರದೇಶದಲ್ಲಿ ಹುಟ್ಟಿದವರು ಹೆಚ್ಚಿರುವ ರಾಜ್ಯಗಳಲ್ಲಿ ಅನಕ್ಷರತೆ ಕಡಿಮೆ ಇತ್ತು. ಹಾಗಾದರೆ ವಲಸಿಗರು ಹೆಚ್ಚು ಓದಿದವರು ಅನ್ನಬೇಕಲ್ಲವೆ? ಆಳು ಆಳಾಗಿ ನೋಡಿದರೆ ಉಲ್ಟಾ. ಅವರಲ್ಲೇ ಅನಕ್ಷರಸ್ಥರು ಹೆಚ್ಚು. ಅವರು ಹೋಗಿ ನೆಲೆಸಿದ್ದು ಓದುಬರಹ ಚೆನ್ನಾಗಿದ್ದ ರಾಜ್ಯಗಳಲ್ಲಿ, ಅಷ್ಟೆ. ಗುಂಪಿನ ಅಂಕಿಯಿಂದ ಗುಂಪಿನೊಳಗಿನ ಮನುಷ್ಯನ ಬಗ್ಗೆ ತೀರ್ಮಾನಕ್ಕೆ ಹಾರಬಾರದು. ‘ಆ ಜಾತಿಯವರು ಜಾಸ್ತಿ ಇರೋ ಹೋಬಳಿಯಲ್ಲಿ ಈ ಪಾರ್ಟಿ ಲೀಡ್ ಬಂತು, ಆದ್ದರಿಂದ ಆ ಜಾತಿಯವರೆಲ್ಲ ಈ ಪಾರ್ಟಿ’ ಎಂದು ಟೀ ಅಂಗಡಿಯಲ್ಲಿ ಹೇಳುತ್ತಾರಲ್ಲ, ಅಲ್ಲಿ ಆಗುವುದೂ ಇದೇ. ಲೀಡ್ ಕೊಟ್ಟವರು ಅದೇ ಹೋಬಳಿಯ ಬೇರೆಯವರೂ ಆಗಿರಬಹುದು.

ಎರಡನೆಯದು ನನಗೆ ಹೆಚ್ಚು ನೋವಿನ ವಿಷಯ. ಡಲ್ಲಾಸ್‌ನಲ್ಲಿ ಕೂತು ಭಾರತದವರನ್ನು ಬೈದರೆ ಯಾರ ಮನೆ ನೀರೂ ನಿಲ್ಲುವುದಿಲ್ಲ. ಅದೇ ಮಾತನ್ನು ಬೂತಿಗೆ ಇಳಿಸಿದರೆ ನಿಲ್ಲುತ್ತದೆ. ಎಣಿಕೆ ಹಾಲ್‌ನಲ್ಲಿ ಜಾಲರಿ ಆಚೆ ಏಜೆಂಟರು ಕೂತಿರುತ್ತಾರೆ. ಮತಯಂತ್ರದ ಒಂದೊಂದು ಕಂಟ್ರೋಲ್ ಯೂನಿಟ್ ತಂದು ಗುಂಡಿ ಒತ್ತಿ ಡಿಸ್‌ಪ್ಲೇ ಅವರ ಕಡೆ ತಿರುಗಿಸಿ ತೋರಿಸುತ್ತೇವೆ. ಅವರು ಬೂತ್ ನಂಬರಿನ ಎದುರು ಬರೆದುಕೊಳ್ಳುತ್ತಾರೆ. ಒಂದು ಬೂತು ಅಂದರೆ ಸಾವಿರ, ಸಾವಿರದ ಚಿಲ್ಲರೆ ಮತದಾರರು. ನಮ್ಮ ಕಡೆ ಎಷ್ಟೋ ಹಳ್ಳಿಗೆ ಹಳ್ಳಿಯೇ ಒಂದು ಬೂತು. ಸಂಜೆಯ ಹೊತ್ತಿಗೆ ಯಾವ ಊರು ‘ನಮ್ಮದು’, ಯಾವ ಊರು ‘ಅವರದು’ ಎಂದು ಹಾಳೆಯಲ್ಲಿ ಸಿದ್ಧ. ಆಮೇಲೆ ಐದು ವರ್ಷ ಆ ಹಾಳೆಯದೇ ಆಳ್ವಿಕೆ.

ಕಾಗದದ ಮತಪತ್ರ ಇದ್ದಾಗ, ಆಯೋಗ ಸೂಚಿಸಿದ ಕಡೆ ಬೇರೆ ಬೇರೆ ಬೂತುಗಳ ಚೀಟಿ ಬೆರೆಸಿ ಎಣಿಸುವ ನಿಯಮ ಇತ್ತು. ಯಂತ್ರ ಬಂದ ಮೇಲೆ ಬೆರೆಸುವುದು ತಪ್ಪಿತು. 14 ಯಂತ್ರಗಳ ಮತ ಒಟ್ಟಿಗೆ ಕೂಡಿಸಿ ತೋರಿಸುವ ‘ಟೋಟಲೈಸರ್’ ಬಳಸೋಣ ಎಂದು ಚುನಾವಣಾ ಆಯೋಗ 2008ರಲ್ಲೇ ಕೇಳಿತ್ತು. 2015ರಲ್ಲಿ ಕಾನೂನು ಆಯೋಗ ತನ್ನ 255ನೇ ವರದಿಯಲ್ಲಿ ಆಗಲಿ ಎಂದಿತು. ಕೇಂದ್ರ ಸರ್ಕಾರ ಒಪ್ಪಲಿಲ್ಲ.

ಗಡಿ ಊರಿನವನು
ಮೇಷ್ಟ್ರೇ ಕೈ ಮುಗಿದೆ. ಇದು ನಮ್ಮೂರಲ್ಲಿ ನಡೆದಿರೋದು. ಯಾವ ಪಾರ್ಟಿ, ಯಾವ ವರ್ಷ ಹೇಳಲ್ಲ. ಬೋರ್‌ವೆಲ್ ಕೊರೆಸಿ ಅಂತ ಕೇಳೋಕೆ ಗೆದ್ದೋರ ಆಫೀಸಿಗೆ ಐದಾರು ಜನ ಹೋಗಿದ್ವಿ. ಮೇಜಿನ ಮೇಲೆ ಒಂದು ರಿಜಿಸ್ಟರ್ ಇತ್ತು, ಪಿಎ ಅದನ್ನ ತಿರುವಿ ‘ನಿಮ್ಮೂರಲ್ಲಿ ನಮಗೆ ಮೈನಸ್’ ಅಂದ. ನಮ್ಮ ಜೊತೆ ಬಂದಿದ್ದ ತಾತ ಅದೇ ಪಾರ್ಟಿಯ ಹಳೇ ಕಾರ್ಯಕರ್ತ, ಶಾಲು ಹೊದ್ದುಕೊಂಡು ಬಂದಿದ್ದ. ‘ನಾನು ನಿಮ್ಮೋನೇ ಕಣಪ್ಪಾ’ ಅಂದ. ‘ತಾತಾ, ನಿಮ್ಮೊಬ್ಬರ ಮನೆಗೆ ಬೋರ್ ಕೊರೆಯೋಕಾಗುತ್ತಾ, ಊರು ಮೈನಸ್’ ಅಂದ ಪಿಎ.

ಗೌರಿಬಿದನೂರು ಅಕ್ಕ
ಓದಿ ಹೊಟ್ಟೆ ಉರೀತು.

ನಂದಿ ಗಾಳಿ
ಇದು ಬೇರೆ ವಿಷಯ. ಇದು ರಾಜಕಾರಣಿ ಕೆಟ್ಟೋನು ಅಂತ. ನಾವು ಮಾತಾಡ್ತಿದ್ದದ್ದು ದೇಶದ ಮತದಾರರ ಬಗ್ಗೆ.

ಚಾಂಪಿಯನ್ ರೀಫ್
ಬೇರೆ ಹೆಂಗೆ? ನೀನು ಮೊದಲನೇ ಕಾಮೆಂಟಲ್ಲಿ ಏನಂದೆ? ‘ಅವರೇ ಆರಿಸಿದ್ದು, ಅವರೇ ಅನುಭವಿಸಲಿ’. ಆ ಪಿಎ ಹೇಳಿದ್ದೂ ಅದೇ. ಅವನ ಕೈಲಿ ರಿಜಿಸ್ಟರ್ ಇದೆ, ನಿನ್ನ ಕೈಲಿ ಮೊಬೈಲ್ ಇದೆ.

ನಂದಿ ಗಾಳಿ
ಒಂದು ನಿಮಿಷ. ನಾನು ಯಾರ ನೀರೂ ನಿಲ್ಲಿಸಿಲ್ಲ. ಸರ್ಕಾರ ಯುದ್ಧ ಮಾಡುತ್ತೆ, ನೋಟು ರದ್ದು ಮಾಡುತ್ತೆ, ಸಾಲ ಮಾಡುತ್ತೆ. ಅದಕ್ಕೆ ಆರಿಸಿದ ಜನರ ಹೊಣೆ ಏನೂ ಇಲ್ಲ ಅಂದ್ರೆ ಪ್ರಜಾಪ್ರಭುತ್ವ ಅಂತ ಯಾಕೆ ಕರೀಬೇಕು? ತೆರಿಗೆ ಎಲ್ಲರೂ ಕಟ್ತೀವಿ, ಫಲಾನೂ ಎಲ್ಲರೂ ಉಣ್ತೀವಿ. ಸೋತವನಿಗೆ ಹಾಕಿದವನು ಗೆದ್ದವನ ಕಾನೂನು ಪಾಲಿಸಲ್ಲ ಅಂತಾನಾ? ಎಲ್ಲರೂ ಸೇರಿ ತಗೊಂಡ ತೀರ್ಮಾನ ಅಂತ ಒಂದಿದೆ.

ಮೇಷ್ಟ್ರು ಮಾಲೂರು
ಇದು ಗಟ್ಟಿ ವಾದ, ತಳ್ಳಿಹಾಕುವಂಥದ್ದಲ್ಲ. ತೀರ್ಮಾನಕ್ಕೆ ಎಲ್ಲರೂ ತಲೆಬಾಗುತ್ತೇವೆ, ನಿಜ. ಆದರೆ ತೀರ್ಮಾನಕ್ಕೆ ತಲೆಬಾಗಿದವನೆಲ್ಲ ಆ ತೀರ್ಮಾನ ಮಾಡಿದವನ ಸ್ವಭಾವದವನು ಎಂದು ಆಗುವುದಿಲ್ಲ. ನಮ್ಮ ಮಾಲೂರಿನಲ್ಲಿ 2023ರಲ್ಲಿ ಘೋಷಣೆಯಾದ ಅಂತರ 248 ಮತ. ಐದು ಬಸ್ಸು ತುಂಬುವಷ್ಟು ಜನ. ಅವರಲ್ಲಿ ಅರ್ಧಕ್ಕಿಂತ ಒಬ್ಬರು ಹೆಚ್ಚು ಆ ಕಡೆ ಹೋಗಿದ್ದರೆ ‘ಮಾಲೂರು ಬಿಜೆಪಿ ಕೋಟೆ’ ಎಂದು ಬರೆಯುತ್ತಿದ್ದರು. ಊರು ಅದೇ, ಜನ ಅದೇ.

ಅಂತರಗಂಗೆ
ಅಬ್ಬಾ, ಸಂತೆಯಿಂದ ಬರೋಷ್ಟರಲ್ಲಿ ಇಷ್ಟಾಗಿದೆ. ಮೇಷ್ಟ್ರೇ, ಹಂಗಾದ್ರೆ ಏನೂ ಹೇಳಲೇಬಾರದಾ? ‘ಕರ್ನಾಟಕದಲ್ಲಿ 1985ರ ನಂತರ ಆಡಳಿತ ಪಕ್ಷವೊಂದು ಮತ್ತೆ ಗೆದ್ದು ಬಂದಿಲ್ಲ’ ಅನ್ನೋದೂ ಜನರಲೈಸೇಷನ್ನಾ?

ಮೇಷ್ಟ್ರು ಮಾಲೂರು
ಅದು ನಡೆದದ್ದರ ದಾಖಲೆ. ಧಾರಾಳವಾಗಿ ಹೇಳಿ. ‘ಕನ್ನಡಿಗನಿಗೆ ಬದಲಾವಣೆಯ ಚಪಲ’ ಎಂದರೆ ಅದಕ್ಕೆ ಬೇರೆ ಸಾಕ್ಷಿ ಬೇಕು. ಮತದಾನ ಮುಗಿದ ಮೇಲೆ ಸಿಎಸ್‌ಡಿಎಸ್-ಲೋಕನೀತಿ ಎಂಬ ಸಂಶೋಧನಾ ಸಂಸ್ಥೆಯವರು ಮನೆ ಮನೆಗೆ ಹೋಗಿ ಯಾಕೆ ಹಾಕಿದಿರಿ ಎಂದು ಕೇಳುತ್ತಾರಲ್ಲ, ಆ ಥರದ್ದು. ಅದರಲ್ಲೂ ‘ಎಲ್ಲರೂ’ ಎಂಬ ಉತ್ತರ ಬರುವುದಿಲ್ಲ, ‘ನೂರಕ್ಕೆ ಇಷ್ಟು ಜನ’ ಎಂದೇ ಬರುತ್ತದೆ.

ಕಲ್ಪತರು ತಿಪಟೂರು
ಸಮೀಕ್ಷೆ ಅಂದ್ರಲ್ಲ, 2024ರ ಎಕ್ಸಿಟ್ ಪೋಲ್ ನೆನಪಿದೆಯಾ? ಎನ್‌ಡಿಎಗೆ 350, 400 ಅಂದ್ರು. ಬಂದಿದ್ದು 293.

ಇನ್ನೊಂದು. 1977ರಲ್ಲಿ ‘ಭಾರತದ ಮತದಾರ ತುರ್ತುಪರಿಸ್ಥಿತಿಗೆ ಪಾಠ ಕಲಿಸಿದ’ ಅಂತ ಎಲ್ಲ ಪಾಠಪುಸ್ತಕದಲ್ಲೂ ಓದಿದೀವಿ. ಕರ್ನಾಟಕದಲ್ಲಿ ಆ ಸಲ ಕಾಂಗ್ರೆಸ್‌ಗೆ 28ರಲ್ಲಿ 26, ಆಂಧ್ರದಲ್ಲಿ 42ರಲ್ಲಿ 41. ಮರುವರ್ಷ ಇಂದಿರಾ ಗಾಂಧಿಯನ್ನ ಚಿಕ್ಕಮಗಳೂರಿಂದ ಗೆಲ್ಲಿಸಿ ಕಳಿಸಿದ್ವಿ. ನಾವು ಭಾರತದ ಮತದಾರರಲ್ಲವೋ ಏನೋ!

ಗೌರಿಬಿದನೂರು ಅಕ್ಕ
ಈಗ ಸರಿಯಾದ ದಾರಿಗೆ ಬಂದ್ರಿ ತಿಪಟೂರಿನವರೇ.

ಬಂಗಾರಪೇಟೆ ಪಾನಿಪುರಿ
ಇದೆಲ್ಲ ಬಿಡಿ, ಕೆ.ಸಿ. ವ್ಯಾಲಿ ನೀರು (ಬೆಂಗಳೂರಿನ ಕೊಳಚೆ ಶುದ್ಧ ಮಾಡಿ ಬಿಡೋದು) ನಿಮ್ಮ ಕೆರೆಗೆ ಬಂತಾ ಹೇಳಿ. ನಮ್ಮ ಕಡೆ ಬೋರ್‌ನಲ್ಲಿ ನೀರು ಮೇಲೆ ಬಂದಿದೆ, ಆದರೆ ಬಾಯಿಗೆ ಹಾಕೋಕೆ ಭಯ.

ಟೊಮೆಟೊ ಮಂಡಿ
ಅದಕ್ಕೆ ಬೇರೆ ಚರ್ಚೆ ತೆಗಿ ಮಾರಾಯ. ಅದು ಶುರುವಾದ್ರೆ ರಾತ್ರಿ ಎಲ್ಲ ಆಗುತ್ತೆ.

ನಿರ್ವಾಹಕ
ನೀರಿನ ವಿಷಯ ಇಲ್ಲಿ ಬೇಡ. ಪಕ್ಷಗಳ ಪರ-ವಿರೋಧ ಘೋಷಣೆ ಹಾಕಿದ್ದ ಎರಡು ಕಾಮೆಂಟ್ ತೆಗೆದಿದ್ದೇನೆ.

ಅಂತರಗಂಗೆ
ಮೇಷ್ಟ್ರೇ, ಆ ಬೂತ್ ಲೆಕ್ಕ ನಮ್ಮಂಥೋರಿಗೂ ಸಿಗುತ್ತಾ, ಇಲ್ಲ ಏಜೆಂಟರಿಗೆ ಮಾತ್ರಾನಾ?

ಮೇಷ್ಟ್ರು ಮಾಲೂರು
ಸಿಗುತ್ತದೆ. ಫಾರ್ಮ್ 20 ಎನ್ನುತ್ತಾರೆ. ರಾಜ್ಯದ ಮುಖ್ಯ ಚುನಾವಣಾಧಿಕಾರಿಯ ವೆಬ್‌ಸೈಟಿನಲ್ಲಿ ಕ್ಷೇತ್ರವಾರು ಹುಡುಕಿ. ಮತಗಟ್ಟೆ ಸಂಖ್ಯೆ ಮೊದಲೇ ಗೊತ್ತಿರಲಿ.

ಚಾಂಪಿಯನ್ ರೀಫ್
ಓಪನ್ ಆಯ್ತು. ಕಣ್ಣು ಕಿರಿದು ಮಾಡ್ಕೊಂಡು ಓದಬೇಕು, ಆದರೆ ಇದೆ.

ಅಂತರಗಂಗೆ
ನಮ್ಮೂರದು ನೋಡಿದೆ. ಬುದ್ಧಿ ಬಂದಾಗಿಂದ ‘ಅದು ಆ ಪಾರ್ಟಿ ಊರು, ಅಲ್ಲಿ ಹೋಗಿ ಪ್ರಚಾರ ಮಾಡೋದೂ ದಂಡ’ ಅಂತ ಕೇಳಿಕೊಂಡು ಬಂದಿದೀನಿ. ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಈ ಕಡೆಗೆ ಬಿದ್ದಿದೆ! ಯಾರಪ್ಪಾ ಇವರೆಲ್ಲ? ಬೀದಿಯಲ್ಲಿ ಒಬ್ಬರೂ ಬಾಯಿ ಬಿಟ್ಟಿಲ್ಲ.

ಗಡಿ ಊರಿನವನು
ಯಾರು ಅಂತ ಹುಡುಕೋಕೆ ಹೊರಟುಬಿಡಬೇಡ ಮತ್ತೆ. ಅವರು ಬಾಯಿ ಬಿಡದೆ ಇರೋದಕ್ಕೆ ಕಾರಣ ಇದೆ.